ಮುಟ್ಟಿದರೆ ಮುನಿ: ಮುದುಡುವ ಎಲೆ, ಒಗರು ಬೇರು

ಕರಾವಳಿ ಮತ್ತು ಮಲೆನಾಡಿನ ರಸ್ತೆಯ ಅಂಚುಗಳಲ್ಲಿ, ಅಡಿಕೆ ತೋಟದ ಬದುಗಳಲ್ಲಿ, ಶಾಲೆಯ ಆಟದ ಬಯಲಿನ ಸುತ್ತಮುತ್ತ, ಮಳೆ ಹಿಡಿದ ಕೆಲವೇ ವಾರಗಳಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬಿ, ನಸುಗೆಂಪು ನೇರಳೆ ಬಣ್ಣದ ದುಂಡನೆಯ ಪುಟ್ಟ ಹೂಗಳನ್ನು ಬಿಡುವ ಮುಳ್ಳುಗಿಡವೊಂದಿದೆ. ಮುಟ್ಟಿದರೆ ಮುನಿ, ನಾಚಿಕೆ ಗಿಡ, ನಾಚಿಕೆ ಮುಳ್ಳು ಎಂದು ಊರಿಂದೂರಿಗೆ ಬೇರೆ ಬೇರೆ ಹೆಸರಿನಿಂದ ಅದನ್ನು ಕರೆಯುತ್ತಾರೆ. ಸಸ್ಯವಿಜ್ಞಾನದಲ್ಲಿ ಅದು ಮಿಮೋಸಾ ಪುಡಿಕಾ; 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ಕೊಟ್ಟ ಹೆಸರು. ಹುರುಳಿ, ತೊಗರಿ, ಹೊಂಗೆ, ಜಾಲಿಗಳಿರುವ ದ್ವಿದಳ ಸಸ್ಯಗಳ ದೊಡ್ಡ ಕುಟುಂಬಕ್ಕೇ ಇದೂ ಸೇರುತ್ತದೆ.

ಈ ಗಿಡಕ್ಕೆ ಎರಡು ಬಗೆಯ ಕೀರ್ತಿಯಿದೆ. ಮೊದಲನೆಯದು, ಮುಟ್ಟಿದ ಕೂಡಲೇ ಎಲೆ ಮಡಚಿಕೊಳ್ಳುವ ಅದರ ಸ್ವಭಾವದಿಂದ ಬಂದದ್ದು. ಎರಡನೆಯದು ಔಷಧಿಯ ಗಿಡವೆಂಬ ಹೆಸರು: ಗಾಯಕ್ಕೆ, ಮೂಲವ್ಯಾಧಿಗೆ, ಭೇದಿಗೆ, ಹೆಂಗಸರ ಅಧಿಕ ರಕ್ತಸ್ರಾವಕ್ಕೆ, ಕೊನೆಗೆ ಹಾವಿನ ಕಡಿತಕ್ಕೂ ಇದು ಮದ್ದೆಂದು ಹೇಳುವವರಿದ್ದಾರೆ. ಈ ಎರಡು ಕೀರ್ತಿಗಳು ಜನರ ಮನಸ್ಸಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಕಣ್ಣೆದುರಿಗೇ ಅಲುಗಾಡುವ ಗಿಡದಲ್ಲಿ ಏನೋ ವಿಶೇಷ ಶಕ್ತಿ ಇರಲೇಬೇಕು ಎಂಬ ಭಾವನೆಯಿಂದ ಅದರ ಔಷಧೀಯ ಹೆಸರೂ ಬೆಳೆದಿದೆ ಎಂದು ನನಗನ್ನಿಸುತ್ತದೆ. ನಿಜವಾಗಿ ನೋಡಿದರೆ ಎಲೆ ಮುದುಡುವುದಕ್ಕೂ ಬೇರಿನ ಔಷಧಿ ಗುಣಕ್ಕೂ ನೇರವಾದ ಸಂಬಂಧವಿಲ್ಲ. ಮುದುಡುವಿಕೆ ನೀರು ಮತ್ತು ವಿದ್ಯುತ್ತಿನ ಕೆಲಸ; ಔಷಧಿಯ ಗುಣದಲ್ಲಿ ನಂಬಬಹುದಾದ ಭಾಗವೆಲ್ಲ ಬಹುಮಟ್ಟಿಗೆ ಒಗರಿನ ಕೆಲಸ. ಇವೆರಡನ್ನು ಬಿಡಿಸಿ ನೋಡಿದರೆ ಯಾವ ಬಳಕೆಗೆ ಆಧಾರವಿದೆ, ಯಾವುದು ಅಪಾಯಕ್ಕೆ ದಾರಿ ಎಂಬುದು ಸ್ಪಷ್ಟವಾಗುತ್ತದೆ.

ಎಲೆ ಹೇಗೆ ಮುದುಡುತ್ತದೆ

ಮೊದಲು ಎಲೆಯ ರಚನೆಯನ್ನು ಗಮನಿಸಬೇಕು. ಒಂದು ಉದ್ದನೆಯ ತೊಟ್ಟು, ಅದರ ತುದಿಯಲ್ಲಿ ಅಂಗೈ ಬೆರಳುಗಳ ಹಾಗೆ ಹೊರಡುವ ಸಾಮಾನ್ಯವಾಗಿ ಎರಡು ಜೊತೆ ಕವಲುಗಳು, ಪ್ರತಿ ಕವಲಿನ ಎರಡೂ ಬದಿಗೆ ಸಾಲಾಗಿ ಜೋಡಿಸಿದ ಹತ್ತಾರು ಜೊತೆ ಕಿರುಎಲೆಗಳು. ಇವೆಲ್ಲ ಸೇರಿ ಒಂದೇ ಎಲೆ. ತೊಟ್ಟು ಕಾಂಡಕ್ಕೆ ಸೇರುವಲ್ಲಿ, ಕವಲು ತೊಟ್ಟಿಗೆ ಸೇರುವಲ್ಲಿ, ಕಿರುಎಲೆ ಕವಲಿಗೆ ಸೇರುವಲ್ಲಿ, ಹೀಗೆ ಮೂರು ಮಟ್ಟದಲ್ಲೂ ಸ್ವಲ್ಪ ಉಬ್ಬಿದ ಕೀಲುಗಳಿವೆ. ಸಸ್ಯವಿಜ್ಞಾನಿಗಳು ಇವನ್ನು ಪಲ್ವೈನಸ್ ಎನ್ನುತ್ತಾರೆ. ಗಿಡದ ಚಲನೆಯೆಲ್ಲ ನಡೆಯುವುದು ಈ ಕೀಲುಗಳಲ್ಲಿ. ಮೃದುವಾಗಿ ಒಂದು ಕಿರುಎಲೆಯನ್ನು ಸೋಕಿದರೆ ಅದು ಮತ್ತು ಅದರ ನೆರೆಯವು ಮಾತ್ರ ಮೇಲಕ್ಕೆ ಮಡಚಿಕೊಳ್ಳುತ್ತವೆ. ಜೋರಾಗಿ ತಟ್ಟಿದರೆ ಕವಲುಗಳು ಒಂದರ ಹತ್ತಿರ ಒಂದು ಸರಿಯುತ್ತವೆ, ಕೊನೆಗೆ ತೊಟ್ಟೇ ಕೆಳಕ್ಕೆ ಬೀಳುತ್ತದೆ.

ಈ ಕೀಲಿನೊಳಗೆ ಸ್ನಾಯುವಿಲ್ಲ, ನರವೂ ಇಲ್ಲ. ಇರುವುದು ನೀರು ತುಂಬಿ ಬಿಗಿದ ಜೀವಕೋಶಗಳು. ತೊಟ್ಟಿನ ಬುಡದ ಕೀಲನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ಕೆಳಭಾಗದ ಕೋಶಗಳು ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಬಿಗಿಯಾಗಿ ಉಬ್ಬಿಕೊಂಡು ತೊಟ್ಟನ್ನು ಎತ್ತಿ ಹಿಡಿದಿರುತ್ತವೆ. ಸ್ಪರ್ಶದ ಸುದ್ದಿ ತಲುಪಿದ ಕ್ಷಣ ಕೋಶದ ಪೊರೆಯ ಒಳಹೊರಗಿನ ವಿದ್ಯುತ್ ಒತ್ತಡ ಬದಲಾಗುತ್ತದೆ: ಕ್ಯಾಲ್ಸಿಯಂ ಅಯಾನುಗಳು ಕೋಶರಸಕ್ಕೆ ನುಗ್ಗುತ್ತವೆ, ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಅಯಾನುಗಳು ಹೊರಕ್ಕೆ ಹರಿಯುತ್ತವೆ, ಅವುಗಳ ಹಿಂದೆಯೇ ನೀರೂ ಹೊರಬೀಳುತ್ತದೆ. ಕೆಳಭಾಗದ ಕೋಶಗಳು ಹೀಗೆ ಸೊರಗಿದಾಗ ಮೇಲ್ಭಾಗದ ಕೋಶಗಳು ಬಿಗಿಯಾಗಿಯೇ ಉಳಿದಿರುವುದರಿಂದ ತೊಟ್ಟು ಕೆಳಕ್ಕೆ ಬಾಗುತ್ತದೆ. ಮರಳಿ ಎದ್ದು ನಿಲ್ಲಬೇಕಾದರೆ ಗಿಡವು ಶಕ್ತಿ ವ್ಯಯಿಸಿ ಅಯಾನುಗಳನ್ನು ಒಳಗೆ ಪಂಪು ಮಾಡಿಕೊಳ್ಳಬೇಕು, ನೀರು ಅವುಗಳನ್ನು ಹಿಂಬಾಲಿಸಿ ಬರಬೇಕು. ಆದುದರಿಂದಲೇ ಮುದುಡುವುದಕ್ಕೆ ಕ್ಷಣ ಸಾಕಾದರೆ, ಅರಳುವುದಕ್ಕೆ ಸಾಮಾನ್ಯವಾಗಿ ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕಾಗುತ್ತದೆ.

ಸುದ್ದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತದೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಶತಮಾನಗಳ ಕಾಲ ಕಾಡಿತ್ತು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ಸೂಕ್ಷ್ಮದರ್ಶಕದ ಗ್ರಂಥದಲ್ಲೇ ಈ ಗಿಡದ ಚಲನೆಯನ್ನು ವರ್ಣಿಸಿದ್ದಾನೆ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಇಂಥದೇ ಒಂದು ಗಿಡವನ್ನು ಕತ್ತಲಲ್ಲಿಟ್ಟು, ಬೆಳಕು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ತೆರೆದು ರಾತ್ರಿಯ ಹೊತ್ತಿಗೆ ಮುಚ್ಚುವುದನ್ನು ಕಂಡ. ಜೀವಿಗಳ ಒಳಗೇ ಒಂದು ಗಡಿಯಾರವಿದೆ ಎಂಬ ಇಂದಿನ ತಿಳಿವಳಿಕೆಗೆ ಅದೇ ಮೊದಲ ಹೆಜ್ಜೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ ಈಥರ್ ಆವಿಯಲ್ಲಿಟ್ಟ ಗಿಡ ಮುಟ್ಟಿದರೂ ಮುದುಡುವುದಿಲ್ಲ, ಆವಿ ಹೋದ ಮೇಲೆ ಮತ್ತೆ ಮುದುಡುತ್ತದೆ ಎಂದು ತೋರಿಸಿದ. ಮನುಷ್ಯನಿಗೆ ಅರಿವಳಿಕೆಯಾಗುವ ಪದಾರ್ಥ ಗಿಡಕ್ಕೂ ಅರಿವಳಿಕೆಯಾಗುತ್ತದೆಂಬ ಆ ಪ್ರಯೋಗ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದರೆ ಈ ಗಿಡವನ್ನು ಜಗತ್ತಿನ ಪ್ರಯೋಗಾಲಯಗಳ ಮೇಜಿಗೆ ಹಠ ಹಿಡಿದು ತಂದವರು ನಮ್ಮವರೇ ಆದ ಜಗದೀಶಚಂದ್ರ ಬೋಸರು. ಎಲೆಯ ಅತಿ ಸಣ್ಣ ಚಲನೆಯನ್ನೂ ಮಸಿ ಹಿಡಿಸಿದ ಗಾಜಿನ ಮೇಲೆ ಚುಕ್ಕೆಗಳಾಗಿ ಬರೆದಿಡುವ ಸ್ವಯಂಚಾಲಿತ ಯಂತ್ರಗಳನ್ನು ಅವರು ಕಲ್ಕತ್ತೆಯಲ್ಲೇ ಮಾಡಿಸಿಕೊಂಡರು. ಸ್ಪರ್ಶದ ಸುದ್ದಿ ನೀರಿನ ಒತ್ತಡದ ಅಲೆಯಾಗಿ ಹರಿಯುತ್ತದೆ ಎಂಬುದು ಅಂದಿನ ಯೂರೋಪಿನ ಪ್ರಬಲ ಅಭಿಪ್ರಾಯವಾಗಿತ್ತು. ಬೋಸರು ತೊಟ್ಟಿನ ಒಂದು ಭಾಗವನ್ನು ತಂಪಾಗಿಸಿದರೆ ಸುದ್ದಿ ನಿಧಾನವಾಗುವುದನ್ನೂ, ಇನ್ನೂ ತಂಪಾಗಿಸಿದರೆ ಅಥವಾ ವಿಷ ಹಚ್ಚಿದರೆ ಅಲ್ಲೇ ನಿಂತುಹೋಗುವುದನ್ನೂ ತೋರಿಸಿ, ಇದು ಪ್ರಾಣಿಗಳ ನರಗಳಲ್ಲಿ ಸಾಗುವಂಥದೇ ವಿದ್ಯುತ್ ಸಂಕೇತ ಎಂದು ವಾದಿಸಿದರು. ಬಹಳ ಮಂದಿ ಒಪ್ಪಲಿಲ್ಲ. ಇಂದು ಸ್ಪರ್ಶಕ್ಕೆ ಸಂಬಂಧಿಸಿದಂತೆ ಅವರ ಮಾತೇ ಸರಿಯೆಂದು ಸ್ಥಾಪಿತವಾಗಿದೆ: ಎಲೆಯ ನಾಳಗಳ ಕೋಶಗಳಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನ ಆಸುಪಾಸಿನ ವೇಗದಲ್ಲಿ ಸಾಗುತ್ತದೆ. ಎಲೆಯನ್ನು ಕತ್ತರಿಸಿದಾಗ ಅಥವಾ ಸುಟ್ಟಾಗ ಮಾತ್ರ ಇದರ ಜೊತೆಗೆ ನೀರಿನ ನಾಳಗಳಲ್ಲಿ ಹರಿಯುವ ಒತ್ತಡ ಮತ್ತು ರಾಸಾಯನಿಕಗಳಿಂದ ಮೂಡುವ ಇನ್ನೊಂದು ಬಗೆಯ ಸಂಕೇತವೂ ಹೊರಡುತ್ತದೆ. ಅಂದರೆ ಅಂದಿನ ಎದುರು ಪಕ್ಷದವರ ಮಾತಿನಲ್ಲೂ ಸ್ವಲ್ಪ ಸತ್ಯವಿತ್ತು.

ಗಿಡಕ್ಕೆ ಇಷ್ಟೆಲ್ಲ ಖರ್ಚು ಏಕೆ ಬೇಕು? ಮಡಚಿಕೊಂಡ ಎಲೆಗೆ ಬಿಸಿಲು ಸಿಗುವುದಿಲ್ಲ, ಆಹಾರ ತಯಾರಿಕೆ ಕುಗ್ಗುತ್ತದೆ. ಲಾಭವಿಲ್ಲದೆ ಯಾವ ಸಸ್ಯವೂ ಇಂಥ ಗುಣವನ್ನು ಉಳಿಸಿಕೊಳ್ಳುವುದಿಲ್ಲ. ಮೇಯುವ ಪ್ರಾಣಿಗೆ ಹಸಿರು ಮಾಯವಾಗಿ ಮುಳ್ಳು ಎದುರಾಗುತ್ತದೆ, ಕುಳಿತ ಕೀಟ ಆಯ ತಪ್ಪುತ್ತದೆ ಎಂಬ ಊಹೆ ಬಹಳ ಹಳೆಯದು. 2022ರಲ್ಲಿ ಜಪಾನಿನ ಸೈತಾಮಾ ವಿಶ್ವವಿದ್ಯಾಲಯದ ತಂಡವೊಂದು ಕ್ಯಾಲ್ಸಿಯಂ ಹರಿದಲ್ಲಿ ಬೆಳಕು ಬೀರುವಂತೆ ವಂಶವಾಹಿ ಬದಲಿಸಿದ ಗಿಡಗಳನ್ನು ಬೆಳೆಸಿ, ಸಂಕೇತ ಕೀಲಿಗೆ ತಲುಪುವುದನ್ನೂ ಅದರ ಬೆನ್ನಿಗೇ ಎಲೆ ಮಡಚುವುದನ್ನೂ ಕಣ್ಣಿಗೆ ಕಾಣುವಂತೆ ತೋರಿಸಿತು. ಜೊತೆಗೆ, ಚಲಿಸಲಾರದಂತೆ ಮಾಡಿದ ಗಿಡಗಳನ್ನು ಮಿಡತೆಗಳು ಮಾಮೂಲಿ ಗಿಡಗಳಿಗಿಂತ ಹೆಚ್ಚು ತಿಂದವು. ಹಳೆಯ ಊಹೆಗೆ ಹೀಗೆ ನೇರವಾದ ಪುರಾವೆ ದೊರೆಯಿತು. ಮಳೆಹನಿಯಂಥ ಅಪಾಯವಿಲ್ಲದ ಪೆಟ್ಟಿಗೆ ಪ್ರತಿಸಲವೂ ಮುದುಡುತ್ತಾ ಕೂರುವುದು ಗಿಡಕ್ಕೆ ನಷ್ಟವಾದ್ದರಿಂದ, ಒಂದೇ ಬಗೆಯ ಪೆಟ್ಟು ಮರುಕಳಿಸಿದರೆ ಅದು ಸ್ಪಂದಿಸುವುದನ್ನು ಬಿಡುತ್ತದೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಕುಂಡವನ್ನು ಸ್ವಲ್ಪ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ ಈ ರೂಢಿ ಮಾಡಿಸಿದ ಗಿಡಗಳು ಸುಮಾರು ಒಂದು ತಿಂಗಳ ಬಳಿಕವೂ ಅದನ್ನು ಉಳಿಸಿಕೊಂಡಿದ್ದವು. ಮೆದುಳಿಲ್ಲದ ಜೀವಿಯಲ್ಲಿ ಇದನ್ನು ನೆನಪು ಎನ್ನಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹೊರಗಿನಿಂದ ಬಂದ ಗಿಡ, ಒಳಗಿದ್ದ ಹೆಸರು

ಔಷಧಿಯ ವಿಚಾರಕ್ಕೆ ಬಂದಾಗ ಮೊದಲು ಎದುರಾಗುವುದು ಒಂದು ಇತಿಹಾಸದ ತೊಡಕು. ಮುಟ್ಟಿದರೆ ಮುನಿ ನಮ್ಮ ನೆಲದ ಗಿಡವಲ್ಲ. ಅದರ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕದ ಉಷ್ಣವಲಯ. ಮೆಣಸಿನಕಾಯಿ, ಗೋಡಂಬಿ, ಪರಂಗಿಗಳಂತೆ ಇದೂ 1492ರ ನಂತರ ಸಮುದ್ರ ದಾಟಿ ಬಂದು ಏಷ್ಯಾದಲ್ಲೆಲ್ಲ ಹರಡಿದೆ. ಆದರೆ ಅದಕ್ಕಿಂತ ಎಷ್ಟೋ ಶತಮಾನ ಹಳೆಯದಾದ ಚರಕಸಂಹಿತೆಯಲ್ಲಿ ಸಮಂಗಾ ಎಂಬ ಮೂಲಿಕೆ ಬರುತ್ತದೆ. ಮುರಿದದ್ದನ್ನು, ಸೀಳಿದ್ದನ್ನು ಕೂಡಿಸುವ ದ್ರವ್ಯಗಳ ಗುಂಪಿನಲ್ಲಿಯೂ ಮಲವನ್ನು ಗಟ್ಟಿಗೊಳಿಸುವ ದ್ರವ್ಯಗಳ ಗುಂಪಿನಲ್ಲಿಯೂ ಲೋಧ್ರ, ಧಾತಕಿ ಹೂವು, ಬೂರುಗದ ಅಂಟುಗಳ ಜೊತೆ ಅದನ್ನು ಎಣಿಸಲಾಗಿದೆ. ಸಮಂಗಾ ಎಂದರೆ ಲಜ್ಜಾಲು, ಅಂದರೆ ನಾಚುವ ಗಿಡ, ಎಂದು ಕೆಲವು ವ್ಯಾಖ್ಯಾನಕಾರರು, ಮಂಜಿಷ್ಠ ಎಂಬ ಬೇರೊಂದು ಮೂಲಿಕೆ ಎಂದು ಮತ್ತೆ ಕೆಲವರು ಹೇಳಿದ್ದಾರೆ. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶವು ಲಜ್ಜಾಲುವನ್ನು ಕಹಿ ಮತ್ತು ಒಗರು ರುಚಿಯದು, ತಂಪು ಗುಣದ್ದು, ಕಫ ಪಿತ್ತಗಳನ್ನು ಗೆಲ್ಲುವಂಥದು, ರಕ್ತಪಿತ್ತ (ದೇಹದಿಂದ ರಕ್ತ ಒಸರುವ ರೋಗ), ಅತಿಸಾರ ಮತ್ತು ಯೋನಿರೋಗಗಳನ್ನು ಹೋಗಲಾಡಿಸುವಂಥದು ಎಂದು ವರ್ಣಿಸುತ್ತದೆ.

ಹಾಗಾದರೆ ಪ್ರಾಚೀನರು ಲಜ್ಜಾಲು ಎಂದದ್ದು ಯಾವುದನ್ನು? ಮುಟ್ಟಿದರೆ ಮುದುಡುವ ದೇಶೀಯ ಗಿಡಗಳು ನಮ್ಮಲ್ಲಿ ಇವೆ. ಅವುಗಳಲ್ಲಿ ಮುಖ್ಯವಾದದ್ದು ಬಯೋಫೈಟಮ್ ಸೆನ್ಸಿಟಿವಮ್. ಗೇಣುದ್ದಕ್ಕೂ ಕಡಿಮೆ ಎತ್ತರದ ಒಂಟಿ ಕಾಂಡ, ಅದರ ನೆತ್ತಿಯಲ್ಲಿ ಛತ್ರಿಯಾಗಿ ಹರಡಿದ ಗರಿಗಳಂಥ ಎಲೆಗಳು, ನಡುವೆ ಕೆಂಪು ಗೆರೆಗಳಿರುವ ಹಳದಿ ಹೂಗಳು. ಮುಳ್ಳಿಲ್ಲ, ಹುಳಿಸೊಪ್ಪಿನ ಕುಟುಂಬದ್ದು. ಕೇರಳದಲ್ಲಿ ಇದು ಮುಕ್ಕುಟ್ಟಿ. ಆಷಾಢದ ಸುಮಾರಿಗೆ ಬರುವ ಕರ್ಕಾಟಕ ಮಾಸದಲ್ಲಿ ವಿಶೇಷ ಮಾನ್ಯತೆಯಿರುವ ದಶಪುಷ್ಪಗಳಲ್ಲಿ ಒಂದು. ಕೆರೆಗಳಲ್ಲಿ ತೇಲುತ್ತಾ ಬೆಳೆಯುವ ನೆಪ್ಚೂನಿಯಾ ಎಂಬ ಹಳದಿ ಹೂವಿನ ಗಿಡದ ಎಲೆಗಳೂ ಮುಟ್ಟಿದರೆ ಮಡಚುತ್ತವೆ. ಲಜ್ಜಾಲುವಿಗೆ ಆಯುರ್ವೇದದ ಮೂಲಿಕೆ ನಿಘಂಟುಗಳು ಕೊಡುವ ಪರ್ಯಾಯ ನಾಮಗಳಲ್ಲಿ ಬನ್ನಿಯ ಎಲೆಯುಳ್ಳದ್ದು ಎಂಬುದೂ ಒಂದು; ಆ ಲಕ್ಷಣ ನೆಪ್ಚೂನಿಯಾಕ್ಕೆ ಹೊಂದುತ್ತದೆ, ಮುಕ್ಕುಟ್ಟಿಗೆ ಹೊಂದುವುದಿಲ್ಲ. ಒಂದೇ ಹೆಸರಿನ ಕೆಳಗೆ ಕಾಲಕಾಲಕ್ಕೆ ಬೇರೆ ಬೇರೆ ಗಿಡಗಳು ಬಂದು ಹೋಗಿರುವುದು ಸಾಧ್ಯ. ಅಮೆರಿಕದ ಗಿಡ ಬಂದು ದಾರಿಗಳ ಬದಿಯಲ್ಲೆಲ್ಲ ಸುಲಭವಾಗಿ ಸಿಗತೊಡಗಿದ ಮೇಲೆ ಆ ಹೆಸರನ್ನು ಅದು ತನ್ನದಾಗಿಸಿಕೊಂಡಿತು. ಇಂದು ಭಾರತದ ಅಧಿಕೃತ ಆಯುರ್ವೇದ ಔಷಧಕೋಶದಲ್ಲಿ ಲಜ್ಜಾಲು ಎಂದರೆ ಮಿಮೋಸಾ ಪುಡಿಕಾ.

ಇದರಿಂದ ಈಗಿನ ಬಳಕೆಯೆಲ್ಲ ಸುಳ್ಳು ಎಂದಾಗುವುದಿಲ್ಲ. ನಾಲ್ಕಾರು ಶತಮಾನಗಳ ಕಾಲ ವೈದ್ಯರು ಕೈಯಾರೆ ಬಳಸಿ ಕಂಡ ಅನುಭವಕ್ಕೆ ಅದರದೇ ಬೆಲೆಯಿದೆ. ಗಿಡದ ತವರಾದ ಅಮೆರಿಕದ ಉಷ್ಣವಲಯದಲ್ಲೂ ಅದನ್ನು ಜನ ಔಷಧಿಯಾಗಿ ಬಳಸಿಕೊಂಡು ಬಂದಿದ್ದಾರೆ. ಆದರೆ ಮೂರು ಸಾವಿರ ವರ್ಷಗಳಿಂದ ಋಷಿಗಳು ಬಳಸಿದ ಗಿಡವಿದು ಎಂದು ಯಾರಾದರೂ ಹೇಳಿದರೆ, ಆ ಮಾತಿಗೆ ಆಧಾರವಿಲ್ಲ ಎಂಬುದನ್ನು ತಿಳಿದಿರಬೇಕು.

ಒಗರಿನ ಕೆಲಸ

ನಾಟಿ ವೈದ್ಯದಲ್ಲಿ ಈ ಗಿಡದ ಬೇರು, ಎಲೆ, ಕೆಲವೊಮ್ಮೆ ಇಡೀ ಗಿಡ ಬಳಕೆಯಾಗುತ್ತದೆ. ಸೊಪ್ಪನ್ನು ಅರೆದು ಸಣ್ಣ ಗಾಯಗಳಿಗೆ ಹಚ್ಚುವುದು, ರಸವನ್ನು ಹಿಂಡಿ ರಕ್ತ ಒಸರುವ ಜಾಗಕ್ಕೆ ಬಿಡುವುದು, ಬೇರಿನ ಕಷಾಯವನ್ನು ಭೇದಿಗೆ ಮತ್ತು ರಕ್ತಭೇದಿಗೆ ಕುಡಿಸುವುದು, ಎಲೆಯ ಕಲ್ಕವನ್ನು ಮಜ್ಜಿಗೆಯಲ್ಲಿ ಅಥವಾ ಹಾಲಿನಲ್ಲಿ ಕದಡಿ ಮೂಲವ್ಯಾಧಿಗೆ ಕೊಡುವುದು, ಮುಟ್ಟಿನ ಅತಿಸ್ರಾವಕ್ಕೆ ಕಷಾಯ ಕೊಡುವುದು, ಇವು ಬೇರೆ ಬೇರೆ ಸೀಮೆಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಬಳಕೆಗಳು. ಗುದ ಅಥವಾ ಗರ್ಭಕೋಶ ಜಾರಿದಾಗಲೂ ಇದನ್ನು ಕೊಡುವ ರೂಢಿಯಿದೆ. ಈ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಎಲ್ಲ ಕಡೆಯೂ ಹರಿಯುವುದನ್ನು ನಿಲ್ಲಿಸಬೇಕು ಅಥವಾ ಸಡಿಲವಾದದ್ದನ್ನು ಬಿಗಿಗೊಳಿಸಬೇಕು. ಮುದುಡುವ ಎಲೆಯನ್ನು ಕಂಡವರಿಗೆ ಈ ಗಿಡ ದೇಹದಲ್ಲೂ ಕುಗ್ಗಿಸುವ ಕೆಲಸ ಮಾಡೀತು ಎಂದು ತೋಚಿದ್ದರೆ ಆಶ್ಚರ್ಯವಿಲ್ಲ. ವಿಶೇಷವೆಂದರೆ ಆ ಊಹೆಯ ದಾರಿ ತಪ್ಪಾಗಿದ್ದರೂ ಅದು ತಲುಪಿದ ಜಾಗ ಸುಳ್ಳಲ್ಲ, ಏಕೆಂದರೆ ಬೇರನ್ನು ಬಾಯಿಗಿಟ್ಟರೆ ಮೊದಲು ಸಿಗುವ ರುಚಿ ಒಗರು.

ಒಗರು ಎಂಬುದು ನಾಲಿಗೆಯ ರುಚಿಗಿಂತ ಹೆಚ್ಚಾಗಿ ಬಾಯಿಯ ಒಳಪದರಕ್ಕಾಗುವ ಅನುಭವ. ಎಳೆಯ ಅಡಿಕೆ, ಬಾಳೆಕಾಯಿಯ ಸಿಪ್ಪೆ, ಮಾವಿನ ಗೊರಟುಗಳಲ್ಲಿರುವ ಟ್ಯಾನಿನ್ ಎಂಬ ಸಂಯುಕ್ತಗಳ ಗುಂಪು ಪ್ರೋಟೀನುಗಳನ್ನು ಕಂಡರೆ ಬಿಡದೆ ಅಂಟಿಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಜಾರುಗುಣದ ಪ್ರೋಟೀನುಗಳಿಗೆ ಅದು ಅಂಟಿ ಅವನ್ನು ಒಟ್ಟುಗೂಡಿಸಿದಾಗ ಬಾಯಿ ಒಣಗಿ ಬಿಗಿದಂತಾಗುತ್ತದೆ. ಹಸಿ ತೊಗಲನ್ನು ಹದ ಮಾಡಿ ಚರ್ಮವಾಗಿಸುವುದೂ ಇದೇ ಗುಣದಿಂದ. ನಮ್ಮಲ್ಲಿ ತಂಗಡಿ ತೊಗಟೆ ಆ ಕೆಲಸಕ್ಕೆ ಹೆಸರಾದದ್ದು. ಮುಟ್ಟಿದರೆ ಮುನಿಯ ಬೇರಿನಲ್ಲಿ ಟ್ಯಾನಿನ್ ಧಾರಾಳವಾಗಿದೆ. ಎಲೆಯ ಕೀಲಿನ ಚಲನಕೋಶಗಳೊಳಗೂ ಟ್ಯಾನಿನ್ ತುಂಬಿದ ಸಣ್ಣ ಕೋಶಕಗಳಿವೆ. ಆದರೆ ಎಲೆ ಮಡಚುವುದು ಟ್ಯಾನಿನ್ನಿನಿಂದಲ್ಲ, ಮೇಲೆ ಹೇಳಿದ ನೀರಿನ ಚಲನೆಯಿಂದ.

ಈ ಒಂದು ಗುಣವನ್ನು ಹಿಡಿದುಕೊಂಡರೆ ಪಾರಂಪರಿಕ ಬಳಕೆಯ ಬಹುಭಾಗ ಅರ್ಥವಾಗುತ್ತದೆ. ಸಣ್ಣ ಗಾಯದ ಮೇಲೆ ಒಗರಿನ ರಸ ಬಿದ್ದಾಗ ಮೇಲ್ಪದರದ ಪ್ರೋಟೀನುಗಳು ಗಟ್ಟಿಯಾಗಿ ತೆಳುವಾದ ಹೊದಿಕೆಯಾಗುತ್ತವೆ, ಒಸರುವಿಕೆ ಕಡಿಮೆಯಾಗುತ್ತದೆ, ಸೂಕ್ಷ್ಮಜೀವಿಗಳ ಬೆಳವಣಿಗೆಗೂ ಸ್ವಲ್ಪ ತಡೆಯಾಗುತ್ತದೆ. ಕರುಳಿನ ಒಳಪದರದ ಮೇಲೆ ಇದೇ ಕ್ರಿಯೆ ನಡೆದಾಗ ನೀರು ಸೋರುವುದು ತಗ್ಗಿ ಮಲ ಗಟ್ಟಿಯಾಗುತ್ತದೆ. ಗುದದ್ವಾರದ ಊದಿದ ರಕ್ತನಾಳಗಳ ಮೇಲೆ ಹಚ್ಚಿದಾಗ ಉರಿ ಮತ್ತು ಒಸರು ಇಳಿಯುವುದು ಸಹಜ. ಚರಕನ ಪಟ್ಟಿಯಲ್ಲಿ ಸಮಂಗಾದ ಜೊತೆಗಿರುವ ಬಹುತೇಕ ದ್ರವ್ಯಗಳು ಒಗರಿನವೇ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರಾಚೀನರು ಯಾವ ಗಿಡವನ್ನು ಬಳಸಿದ್ದರೂ ಗುಣದ ಆಯ್ಕೆಯಲ್ಲಿ ಅವರು ಎಡವಿರಲಿಲ್ಲ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಈ ಗಿಡದ ಸಾರ ಗಾಯ ಮಾಯುವುದಕ್ಕೆ ನೆರವಾದದ್ದು, ಭೇದಿಯನ್ನು ತಗ್ಗಿಸಿದ್ದು ಕಂಡುಬಂದಿದೆ.

ಅದೇ ಗುಣ ಮಿತಿಯನ್ನೂ ತೋರಿಸುತ್ತದೆ. ಟ್ಯಾನಿನ್ ತಾನು ಮುಟ್ಟಿದ ಜಾಗದಲ್ಲಿ ಕೆಲಸ ಮಾಡುತ್ತದೆ. ಚರ್ಮ, ಬಾಯಿ, ಕರುಳಿನ ಒಳಪದರ ಅದಕ್ಕೆ ಎಟುಕುತ್ತವೆ. ಕುಡಿದ ಕಷಾಯದ ದೊಡ್ಡ ಟ್ಯಾನಿನ್ ಅಣುಗಳು ಅನ್ನದ ಮತ್ತು ಕರುಳಿನ ಪ್ರೋಟೀನುಗಳಿಗೆ ಅಂಟಿಕೊಂಡು ಅಲ್ಲೇ ಉಳಿಯುವುದರಿಂದ, ರಕ್ತಕ್ಕೆ ಸೇರಿ ಗರ್ಭಕೋಶದವರೆಗೆ ಹೋಗಿ ಅಲ್ಲಿ ಬಿಗಿ ಉಂಟುಮಾಡುತ್ತವೆ ಎಂಬುದು ಸುಲಭವಾಗಿ ಒಪ್ಪುವ ಮಾತಲ್ಲ. ಗಿಡದಲ್ಲಿ ಫ್ಲೇವನಾಯ್ಡುಗಳೂ ಬೇರೆ ಸಂಯುಕ್ತಗಳೂ ಇರುವುದರಿಂದ ಇನ್ನಾವುದೋ ದಾರಿಯಲ್ಲಿ ಪರಿಣಾಮವಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆದರೆ ಮನುಷ್ಯರ ಮೇಲೆ ದೊಡ್ಡ ಪ್ರಮಾಣದಲ್ಲಿ ಸರಿಯಾಗಿ ನಡೆಸಿದ ಪರೀಕ್ಷೆಗಳ ಬೆಂಬಲ ಅದಕ್ಕಿಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ವೈದ್ಯರೂ ಮರೆಯುವುದುಂಟು: ಟ್ಯಾನಿನ್ ಸಸ್ಯಾಹಾರದ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಅತಿಸ್ರಾವದಿಂದ ಈಗಾಗಲೇ ರಕ್ತಹೀನತೆಯಿಂದ ಬಳಲುವ ಹೆಣ್ಣುಮಗಳಿಗೆ ಊಟದ ಹೊತ್ತಿನಲ್ಲೇ ತಿಂಗಳುಗಟ್ಟಲೆ ಒಗರು ಕಷಾಯ ಕೊಡುತ್ತಾ ಬಂದರೆ ಆಕೆಯ ನಿಶ್ಶಕ್ತಿ ಹೆಚ್ಚಬಹುದು. ಅಂಥ ಸ್ರಾವದ ಹಿಂದೆ ಗರ್ಭಕೋಶದ ಗೆಡ್ಡೆಯೋ ಹಾರ್ಮೋನಿನ ಏರುಪೇರೋ ಇರಬಹುದಾದ್ದರಿಂದ ಮೊದಲು ಪರೀಕ್ಷೆ ಆಗಲೇಬೇಕು. ಮಲದಲ್ಲಿ ರಕ್ತ ಹೋಗುವುದೆಲ್ಲ ಮೂಲವ್ಯಾಧಿಯೂ ಅಲ್ಲ. ಕರುಳಿನ ಕ್ಯಾನ್ಸರಿನ ಮೊದಲ ಲಕ್ಷಣವೂ ಅದೇ ಆಗಿರಬಹುದು.

ಹಾವಿನ ಕಡಿತ ಮತ್ತು ಈ ಬೇರು

ಬೇರನ್ನು ಅರೆದು ಕುಡಿಸಿದರೆ ಹಾವಿನ ವಿಷ ಇಳಿಯುತ್ತದೆ ಎಂಬ ನಂಬಿಕೆ ದಕ್ಷಿಣ ಭಾರತದಲ್ಲೂ ಈಶಾನ್ಯದಲ್ಲೂ ಇದೆ. ಈ ವಿಷಯವನ್ನು ನಾನು ವಿಸ್ತಾರವಾಗಿ ಹೇಳಬಯಸುವುದಕ್ಕೆ ಕಾರಣವಿದೆ. ಈ ನಂಬಿಕೆಗೆ ಈಗ ವಿಜ್ಞಾನದ ಮುದ್ರೆಯೂ ಬಿದ್ದಿದೆ ಎಂದು ಹೇಳುವವರು ಹೆಚ್ಚುತ್ತಿದ್ದಾರೆ, ಮತ್ತು ಅವರು ತೋರಿಸುವ ಅಧ್ಯಯನಗಳು ನಿಜಕ್ಕೂ ನಡೆದಿವೆ. 2001ರಲ್ಲಿ ಅಸ್ಸಾಮಿನ ಸಂಶೋಧಕರು ನಾಗರಹಾವಿನ ಜಾತಿಯೊಂದರ ವಿಷದ ಮೇಲೆ ಈ ಬೇರಿನ ಸಾರದ ಪರಿಣಾಮವನ್ನು ಪ್ರಕಟಿಸಿದರು. 2004ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು ನಾಗರಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷದಲ್ಲಿರುವ ಹಯಾಲುರಾನಿಡೇಸ್ ಮತ್ತು ಪ್ರೋಟಿಯೇಸ್ ಎಂಬ ಕಿಣ್ವಗಳ ಕೆಲಸವನ್ನು ಬೇರಿನ ನೀರಿನ ಸಾರ ತಡೆಯುತ್ತದೆ ಎಂದು ತೋರಿಸಿದರು. ಎರಡೂ ಶ್ರದ್ಧೆಯಿಂದ ಮಾಡಿದ ಕೆಲಸಗಳು.

ಆದರೆ ಅವು ಹೇಳುವುದೇನು ಎಂಬುದನ್ನು ನಿಧಾನವಾಗಿ ಓದಬೇಕು. ಇಂಥ ಪ್ರಯೋಗಗಳಲ್ಲಿ ವಿಷವನ್ನೂ ಸಾರವನ್ನೂ ನಳಿಕೆಯೊಳಗೆ ಒಟ್ಟಿಗೆ ಬೆರೆಸಿ ಫಲಿತಾಂಶ ನೋಡಲಾಗುತ್ತದೆ. ಹಾವಿನ ವಿಷದ ಮುಖ್ಯಾಂಶ ಪ್ರೋಟೀನು. ಪ್ರೋಟೀನನ್ನು ಕಂಡಲ್ಲಿ ಅಂಟುವುದು ಟ್ಯಾನಿನ್ನಿನ ಸ್ವಭಾವ. ಒಂದೇ ನಳಿಕೆಯಲ್ಲಿದ್ದಾಗ ಅದು ವಿಷವನ್ನು ನಿಷ್ಕ್ರಿಯಗೊಳಿಸುವುದು ನಿರೀಕ್ಷಿತವೇ. ನಿಜವಾದ ಕಡಿತದಲ್ಲಿ ವಿಷವು ಹಲ್ಲಿನ ಮೂಲಕ ಮಾಂಸಕ್ಕೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಕುಡಿಸಿದ ಬೇರಿನ ರಸ ಹೊಟ್ಟೆಯಲ್ಲಿರುತ್ತದೆ. ಅವೆರಡೂ ಎಂದೂ ಭೇಟಿಯಾಗುವುದಿಲ್ಲ. ಹಾಗಿದ್ದರೂ ಈ ಬೇರು ಕುಡಿದು ಬದುಕಿದವರ ಕಥೆಗಳು ಊರೂರಿನಲ್ಲಿರುವುದಕ್ಕೆ ಕಾರಣ, ಕಡಿಯುವ ಹಾವುಗಳಲ್ಲಿ ಅನೇಕವು ವಿಷರಹಿತ, ಮತ್ತು ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಡಿಯುತ್ತದೆ. ಅಂಥವರು ಏನು ಕುಡಿದರೂ ಬದುಕುತ್ತಿದ್ದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಪ್ರತಿವಿಷ ನಮ್ಮ ದೇಶದಲ್ಲಿ ತಯಾರಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಕಡಿತಕ್ಕೊಳಗಾದವರನ್ನು ಕೈಕಾಲು ಅಲುಗಾಡಿಸದಂತೆ ಮಲಗಿಸಿ, ಬಿಗಿಯಾಗಿ ಕಟ್ಟದೆ, ಗಾಯ ಕೊಯ್ಯದೆ ಅಲ್ಲಿಗೆ ಒಯ್ಯುವುದೊಂದೇ ದಾರಿ. ಬೇರು ಹುಡುಕಿ ಅರೆಯುವುದರಲ್ಲಿ ಕಳೆಯುವ ಅರ್ಧ ಗಂಟೆಯೇ ಪ್ರಾಣಕ್ಕೆ ಎರವಾಗಬಹುದು.

ಬಳಸುವ ಮುನ್ನ

ಗಿಡದಲ್ಲಿ ಟ್ಯಾನಿನ್ ಅಲ್ಲದೆ ಮಿಮೋಸಿನ್ ಎಂಬ ವಸ್ತುವೂ ಇದೆ. ಮೇವಿನ ಮರವೆಂದು ನಮ್ಮ ರೈತರಿಗೆ ಪರಿಚಿತವಾದ ಸುಬಾಬುಲ್‌ನಲ್ಲಿ ಇರುವುದೂ ಇದೇ. ಸುಬಾಬುಲ್ ಸೊಪ್ಪನ್ನು ಅತಿಯಾಗಿ ತಿಂದ ಜಾನುವಾರುಗಳ ಕೂದಲು ಉದುರುವುದು, ಥೈರಾಯ್ಡ್ ಗ್ರಂಥಿ ಊದುವುದು ಈ ಕಾರಣದಿಂದ. ಜೀವಕೋಶಗಳು ವಿಭಜನೆಯಾಗುವುದನ್ನು ಮಿಮೋಸಿನ್ ತಡೆಯುತ್ತದೆ. ಕೆಲವು ದಿನ ಸಣ್ಣ ಪ್ರಮಾಣದಲ್ಲಿ ಸೇವಿಸಿದರೆ ತೊಂದರೆ ಕಾಣಿಸದಿರಬಹುದು. ಆದರೆ ಪ್ರತಿದಿನ, ದೀರ್ಘಕಾಲ, ಅಳತೆಯಿಲ್ಲದೆ ಕುಡಿಯುವುದನ್ನು ಸಮರ್ಥಿಸಲು ಸಾಧ್ಯವಿಲ್ಲ. ಬೇರಿನ ಪುಡಿ ಹೆಣ್ಣು ಇಲಿಗಳ ಋತುಚಕ್ರವನ್ನು ಏರುಪೇರು ಮಾಡಿದ್ದು ಪ್ರಯೋಗಗಳಲ್ಲಿ ಕಂಡಿರುವುದರಿಂದ ಗರ್ಭಿಣಿಯರು, ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರು, ಎದೆಹಾಲು ಕುಡಿಸುವ ತಾಯಂದಿರು ಇದನ್ನು ಸೇವಿಸದಿರುವುದೇ ಲೇಸು. ಸಕ್ಕರೆ ಕಾಯಿಲೆಗೆ, ಯಕೃತ್ತಿನ ರೋಗಕ್ಕೆ ಇದು ಮದ್ದೆಂಬ ಮಾತುಗಳ ಹಿಂದಿರುವುದೂ ಪ್ರಾಣಿಗಳ ಮೇಲಿನ ಪ್ರಯೋಗಗಳೇ.

ಇತ್ತೀಚೆಗೆ ಇದರ ಬೀಜದ ಪುಡಿಯನ್ನು ಕರುಳಿನ ಹುಳುಗಳನ್ನು ಹೊರಹಾಕುವ ಔಷಧಿಯೆಂದು ಕ್ಯಾಪ್ಸೂಲುಗಳಲ್ಲಿ ತುಂಬಿ ಮಾರಲಾಗುತ್ತಿದೆ. ಬೀಜವನ್ನು ನೀರಲ್ಲಿ ನೆನೆಸಿದರೆ ಕಾಮಕಸ್ತೂರಿ ಬೀಜದಂತೆ ಲೋಳೆ ಬಿಟ್ಟುಕೊಳ್ಳುತ್ತದೆ. ಮಾತ್ರೆ ತಯಾರಿಕೆಯಲ್ಲಿ ಅಂಟಾಗಿ ಬಳಸಬಹುದೇ ಎಂದು ಔಷಧ ವಿಜ್ಞಾನಿಗಳು ಈ ಲೋಳೆಯನ್ನು ಪರೀಕ್ಷಿಸಿದ್ದಾರೆ. ಪುಡಿ ನುಂಗಿದವರ ಮಲದಲ್ಲಿ ಕಾಣುವ ದಾರದಂಥ, ಅಂಟಂಟಾದ ವಸ್ತುವನ್ನು ಹುಳುವೆಂದು ತಿಳಿದುಕೊಳ್ಳುವುದು ಸುಲಭ, ಆದರೆ ಅದು ಈ ಲೋಳೆಯೇ ಆಗಿರಬಹುದು. ಹುಳುವಿನ ಅನುಮಾನವಿದ್ದರೆ ಮಲಪರೀಕ್ಷೆ ಮಾಡಿಸಿ, ಬಹುಕಾಲದಿಂದ ಬಳಕೆಯಲ್ಲಿರುವ, ಅಗ್ಗದ, ಒಂದೆರಡು ಮಾತ್ರೆಗಳಲ್ಲಿ ಮುಗಿಯುವ ಔಷಧಿಯನ್ನು ವೈದ್ಯರಿಂದ ಪಡೆಯುವುದು ಒಳ್ಳೆಯದು.

ಗುರುತಿನ ವಿಷಯದಲ್ಲೂ ಎಚ್ಚರ ಬೇಕು. ಮುಟ್ಟಿದರೆ ಮುನಿಯದೇ ಕುಲದ ಮಿಮೋಸಾ ಡಿಪ್ಲೋಟ್ರೈಕಾ ಎಂಬ ದೊಡ್ಡ ಜಾತಿ ಕೇರಳದಲ್ಲೂ ಅಸ್ಸಾಮಿನಲ್ಲೂ ತೋಟ ಕಾಡುಗಳನ್ನು ಆಕ್ರಮಿಸಿಕೊಂಡಿದೆ. ಅದರ ಹೂವೂ ನಸುಗೆಂಪು ಚೆಂಡೇ, ಎಲೆಯೂ ಮಡಚುತ್ತದೆ. ಆದರೆ ಅದರ ಕಾಂಡ ಚೌಕವಾಗಿದ್ದು ಏಣುಗಳುದ್ದಕ್ಕೂ ಹಿಂಬಾಗಿದ ಕೊಕ್ಕೆಮುಳ್ಳುಗಳಿರುತ್ತವೆ, ಎಲೆಯ ಕವಲುಗಳು ಎರಡು ಜೊತೆಯಲ್ಲ, ಅದಕ್ಕಿಂತ ಹೆಚ್ಚಿರುತ್ತವೆ, ಬಳ್ಳಿಯಂತೆ ಬೇರೆ ಗಿಡಗಳ ಮೇಲೆ ಹತ್ತಿ ಮುಚ್ಚಿಬಿಡುತ್ತದೆ. ಅದನ್ನು ಮೇದ ಜಾನುವಾರುಗಳಿಗೆ ವಿಷವಾಗಬಹುದು. ಔಷಧಿಗೆ ಬೇಕಾದದ್ದು ದುಂಡು ಕಾಂಡದ, ನೆಲದಲ್ಲಿ ಹರಡುವ, ಎರಡು ಜೊತೆ ಕವಲಿನ ಚಿಕ್ಕ ಜಾತಿ.

ಅದನ್ನೂ ರಸ್ತೆ ಬದಿಯಿಂದ ಕೀಳಬಾರದು. ವಾಹನಗಳ ಹೊಗೆ, ಟೈರಿನ ಧೂಳು, ಕಳೆನಾಶಕದ ಸಿಂಪಡಣೆ, ಚರಂಡಿಯ ನೀರು ಎಲ್ಲವೂ ಸೇರುವ ಆ ಮಣ್ಣಿನಲ್ಲಿ ಬೆಳೆದ ಬೇರನ್ನು ಎಷ್ಟು ತೊಳೆದರೂ ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ. ಮನೆಯ ಸೊಪ್ಪಿನ ಮಡಿಯ ಪಕ್ಕದಲ್ಲೋ ಕುಂಡದಲ್ಲೋ ಇದನ್ನು ಬೆಳೆಸಿಕೊಳ್ಳುವುದು ಕಷ್ಟವಲ್ಲ. ಬೇರುಗಂಟುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುವ ಗಿಡವಾದ್ದರಿಂದ ಬಡ ಮಣ್ಣೂ ಸಾಕು, ಗೊಬ್ಬರ ಬೇಡ. ಬೀಜದ ಸಿಪ್ಪೆ ಗಟ್ಟಿ. ಹಾಗೆಯೇ ಬಿತ್ತಿದರೆ ಬಹುಕಾಲ ಮೊಳೆಯದೆ ಮಲಗಿರುತ್ತದೆ. ಬಿಸಿ ನೀರು ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟು ಬಿತ್ತಿದರೆ ಬೇಗ ಮೊಳೆಯುತ್ತದೆ. ಒಮ್ಮೆ ಹೂ ಬಿಟ್ಟ ಮೇಲೆ ಮಾತ್ರ ಕಣ್ಣಿಟ್ಟಿರಬೇಕು: ಚಪ್ಪಟೆ ಕಾಯಿಗಳ ಅಂಚಿನ ಬಿರುಗೂದಲು ಬಟ್ಟೆಗೂ ದನಕರುಗಳ ಮೈಗೂ ಅಂಟಿಕೊಂಡು ದೂರ ಸಾಗುತ್ತದೆ. ಕಾಯಿ ಹಸಿರಿರುವಾಗಲೇ ಗೊಂಚಲುಗಳನ್ನು ಚಿವುಟಿ ತೆಗೆದರೆ ಗಿಡ ಕುಂಡದಲ್ಲೇ ಉಳಿಯುತ್ತದೆ, ತೋಟಕ್ಕೆ ಕಳೆಯಾಗಿ ಇಳಿಯುವುದಿಲ್ಲ.